ರಾಯರ ಮನೆಯಲ್ಲಿ ಕುಬ್ರಾಬಿಯ ಒಲೆ

ಕುಬ್ರಾಬಿಗೆ ಹೇಸಿಗೆ ಬಹಳ ಬೇಗ ಆಗುತ್ತಿತ್ತು. ಮುಚ್ಚದೆ ಇಟ್ಟ ಚೆಂಬಿನ ನೀರನ್ನು ಅವಳು ಮುಟ್ಟುತ್ತಿರಲಿಲ್ಲ. ಮದುವೆ ಮನೆಯಲ್ಲಿ ಬಡಿಸುವವನ ಉಗುರು ನೋಡಿ ಊಟ ಬಿಟ್ಟು ಎದ್ದು ಬಂದದ್ದೂ ಉಂಟು. ಕುರುಗೋಡಿನ ಅವಳ ಓಣಿಯ ಹೆಂಗಸರು, ಕುಬ್ರಮ್ಮನ ಮನೆಯ ನೆಲದ ಮೇಲೆ ಹಾಲು ಚೆಲ್ಲಿದರೂ ಬಳಿದು ಕುಡಿಯಬಹುದು ಎಂದು ಅರ್ಧ ಮೆಚ್ಚಿಕೆಯಿಂದ, ಅರ್ಧ ಕುಹಕದಿಂದ ಆಡಿಕೊಳ್ಳುತ್ತಿದ್ದರು.

ಇಂಥವಳು ಮದುವೆಯಾಗಿ ಬಂದದ್ದು ಪಿಂಜಾರರ ಮನೆಗೆ. ಹತ್ತಿ ಹಿಂಜುವಾಗ ಏಳುವ ಧೂಳು ಜಂತಿ, ಬಾಗಿಲು, ಹಾಲಿನ ಗಡಿಗೆ, ಕಣ್ಣಿನ ರೆಪ್ಪೆ ಯಾವುದನ್ನೂ ಬಿಡುವುದಿಲ್ಲ. ಸಿರುಗುಪ್ಪದಲ್ಲಿ ಹುಟ್ಟಿ ಹದಿನಾಲ್ಕಕ್ಕೆ ಹೊನ್ನೂರಸಾಬನ ಹೆಂಡತಿಯಾಗಿ ಬಂದ ಹೊಸದರಲ್ಲಿ ಅವಳು ಊಟಕ್ಕೆ ಕೂತರೆ ತುತ್ತಿನಲ್ಲಿ ಅರಳೆಯ ಎಳೆ ಸಿಗುತ್ತಿತ್ತು. ರೂಢಿಯಾಗುತ್ತದೆ ಎಂದು ಅತ್ತೆ ಹೇಳಿದಳು. ಆಗಲಿಲ್ಲ. ಒಂದು ದಿನ ಹಳೆಯ ದುಪ್ಪಟಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪಡಸಾಲೆಗೂ ಒಳಮನೆಗೂ ನಡುವಿನ ಬಾಗಿಲಿಗೆ ತೂಗುಹಾಕಿದಳು. ಹಾರಿ ಬಂದ ಧೂಳೆಲ್ಲ ಆ ಒದ್ದೆ ಬಟ್ಟೆಗೆ ಹತ್ತಿಕೊಂಡಿತು. ಅಂದಿನಿಂದ ದಿನಕ್ಕೆ ಎರಡು ಸಲ ಆ ದುಪ್ಪಟಿಯನ್ನು ಜಾಲಿಸಿ ಮತ್ತೆ ತೂಗುಹಾಕುವುದು ಅವಳ ಕೆಲಸವಾಯಿತು. ಹಾಗೆ ಮೂವತ್ತನಾಲ್ಕು ವರ್ಷ ಮಾಡಿದಳು.

ಮನೆ ಮೊದಲು ಅವರದಾಗಿರಲಿಲ್ಲ. ಅದನ್ನು ಕಟ್ಟಿಸಿದವರು ಊರಿನ ಲೆಕ್ಕ ಬರೆಯುತ್ತಿದ್ದ ಕರಣಂ ಮನೆತನದವರು. ಅವರು ಊರು ಬಿಟ್ಟು ಬಳ್ಳಾರಿ ಸೇರಿದಾಗ, ಹತ್ತಿ ಹಿಂಜುವ ಬಿಲ್ಲು ತೂಗುಹಾಕಲು ಉದ್ದನೆಯ ಪಡಸಾಲೆ ಸಿಕ್ಕಿತೆಂದು ಹೊನ್ನೂರಸಾಬನ ಅಪ್ಪ ಕೊಂಡುಕೊಂಡಿದ್ದ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅಂಥ ಮಾಳಿಗೆಯನ್ನು ಒಂದು ವರ್ಷ ಅಲಕ್ಷ್ಯ ಮಾಡಿದರೂ ಸೋರುತ್ತದೆ, ಮೂರು ವರ್ಷ ಬಿಟ್ಟರೆ ಕೂತೇಬಿಡುತ್ತದೆ. ಮುಂಗಾರಿಗೆ ಮುಂಚೆ ಗಂಡ ಹೆಂಡತಿ ಹಳ್ಳದ ದಂಡೆಯಿಂದ ನೀರು ಇಳಿಯಗೊಡದ ಸವುಳು ಮಣ್ಣು ಹೇರಿಸಿ ತಂದು, ಮೇಲೆ ಹರಡಿ, ತುಳಿದು ಗಟ್ಟಿ ಮಾಡುತ್ತಿದ್ದರು. ಹುಟ್ಟಿದ ಮೂರು ಮಕ್ಕಳಲ್ಲಿ ಎರಡನ್ನು ಆ ಮನೆಯಿಂದಲೇ ಮಣ್ಣಿಗೆ ಕಳಿಸಿದರು. ಉಳಿದ ಮಗಳನ್ನು ಅಲ್ಲಿಂದಲೇ ಹಚ್ಚೊಳ್ಳಿಗೆ ಮದುವೆ ಮಾಡಿಕೊಟ್ಟರು.

ಕರಣಂ ಮನೆಯ ಕಿರಿಯ ಮಗ ಪ್ರಾಣೇಶರಾಯರು ಮುಂದೆ ದೊಡ್ಡ ಸಾಹಿತಿಯಾದರೆಂದು ಕುಬ್ರಾಬಿ ಕೇಳಿದ್ದಳು. ಮದರಾಸಿನಲ್ಲಿ ಇದ್ದಾರಂತೆ, ಅವರ ಪುಸ್ತಕಗಳನ್ನು ಧಾರವಾಡ, ಮೈಸೂರಿನ ಕಡೆಯವರೂ ಓದುತ್ತಾರಂತೆ ಎನ್ನುತ್ತಿದ್ದರು. ಅವರು ಮನೆ ನೋಡಲು ಬಂದದ್ದು ನಲವತ್ತಮೂರರ ಬೇಸಿಗೆಯಲ್ಲಿ. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಬಳ್ಳಾರಿಯಿಂದ ಅಂಥ ಬಸ್ಸಿನಲ್ಲಿ ಬಂದಿಳಿದ ರಾಯರ ಮುಖವೂ ಅಂಗಿಯೂ ಮಸಿಯಾಗಿದ್ದವು. ಜೊತೆಗೆ ಇಬ್ಬರು ಗೆಳೆಯರಿದ್ದರು. ಅವರಲ್ಲೊಬ್ಬ ಬಳ್ಳಾರಿಯ ವಕೀಲ ರಂಗಣ್ಣ. ಅವನು ಮೂಗಿಗೆ ಕರವಸ್ತ್ರ ಹಿಡಿದು ಓಣಿಯ ಬೇವಿನ ಮರದ ಕೆಳಗೇ ನಿಂತ. ಇನ್ನೊಬ್ಬನೂ ಹೊಸಿಲು ದಾಟಲಿಲ್ಲ.

ರಾಯರು ಮಾತ್ರ ಒಳಗೆ ಬಂದರು. ಕುಬ್ರಾಬಿ ಕೊಟ್ಟ ನೀರಿನಲ್ಲಿ ಬಚ್ಚಲಲ್ಲಿ ಕೈಕಾಲು ಮುಖ ತೊಳೆದರು. ಕಂಬಗಳನ್ನು ಒಂದೊಂದಾಗಿ ಮುಟ್ಟಿದರು. ಒಳಮನೆಯ ಗೋಡೆಯ ಗೂಡಿನ ಮುಂದೆ ನಿಂತರು. ತಮ್ಮ ತಾಯಿ ಸಂಜೆ ದೀಪ ಇಡುತ್ತಿದ್ದುದು ಅಲ್ಲಿ ಎಂದರು. ತಾನೂ ಅಲ್ಲೇ ಇಡುತ್ತೇನೆ ಎಂದಳು ಕುಬ್ರಾಬಿ. ಅದಕ್ಕೆ ಅವರ ಕಣ್ಣಲ್ಲಿ ನೀರು ಬಂತು.

ಆಮೇಲೆ ಅಡಿಗೆಮನೆಗೆ ಬಂದರು. ಒಲೆಯ ಮೇಲೆ ಹೆಂಚು ಕಾದಿತ್ತು. ರೊಟ್ಟಿಯ ವಾಸನೆಗೆ ಅವರು ಅಲ್ಲಿಯೇ ಗೋಡೆಗೊರಗಿ ಕೂತುಬಿಟ್ಟರು.

"ಒಂದು ರೊಟ್ಟಿ ಕೊಡ್ರಿ ತಾಯಿ," ಎಂದರು.

ಕುಬ್ರಾಬಿಗೆ ಕೈ ಆಡಲಿಲ್ಲ. ಕರಣಂ ಮನೆತನದವರು ಪಿಂಜಾರರ ಮನೆಯಲ್ಲಿ ಉಂಡರೆ ಊರು ಏನನ್ನುತ್ತದೆಂದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿರಬೇಕಲ್ಲ ಎಂದುಕೊಂಡು ರೊಟ್ಟಿ ಬಡಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಮೊದಲನೆಯದು ಮುಗಿಸಿ ರಾಯರು ಇನ್ನೊಂದು ಕೇಳಿದರು. ಕೈ ತೊಳೆದು ಹೊರಡುವಾಗ, ಮನೆಯನ್ನು ನನ್ನ ತಾಯಿಗಿಂತ ಚೊಕ್ಕ ಇಟ್ಟಿದ್ದೀರಿ, ಇದನ್ನೆಲ್ಲ ಬರೆಯುತ್ತೇನೆ ಎಂದು ಹೇಳಿ ಹೋದರು.

ಆ ಮಾತು ಅವಳಿಗೆ ಏಳು ವರ್ಷ ಸಾಕಾಯಿತು. ಯಾರಾದರೂ ಚೊಕ್ಕತನದ ವಿಷಯಕ್ಕೆ ಅವಳನ್ನು ಅಣಕಿಸಿದರೆ, ರಾಯರೇ ಹೇಳಿದ್ದಾರೆ ಎನ್ನುತ್ತಿದ್ದಳು. ನಲವತ್ತೊಂಬತ್ತರಲ್ಲಿ ರಾಯರು ತೀರಿಕೊಂಡ ಸುದ್ದಿ ಬಂದಾಗ ಅಂದು ಮಧ್ಯಾಹ್ನ ಒಲೆ ಹಚ್ಚಲಿಲ್ಲ.

ಮುಂದಿನ ವರ್ಷ ಓಣಿಯ ಮಾಸ್ತರ ಓಬಳೇಶ ಹೊಸ ಪಾಠದ ಪುಸ್ತಕ ಹಿಡಿದುಕೊಂಡು ಸಂಜೆ ಅವಳ ಕಟ್ಟೆಗೆ ಬಂದ. ರಾಯರು ತಾವು ಹುಟ್ಟಿದ ಮನೆಯ ಬಗ್ಗೆ ಬರೆದದ್ದು ಪಾಠವಾಗಿದೆ, ಓದುತ್ತೇನೆ ಕೇಳಿರಿ ಎಂದ. ಅವನೂ ಮೊದಲು ಓದಿರಲಿಲ್ಲ. ಅಕ್ಕಪಕ್ಕದವರು ಕೂಡಿದರು. ಹೊನ್ನೂರಸಾಬ ಬಿಲ್ಲು ನಿಲ್ಲಿಸಿ ಬಂದ. ಕುಬ್ರಾಬಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಒರಗಿ ನಿಂತಳು.

ಬಸ್ಸಿನ ಪ್ರಯಾಣ, ಕುರುಗೋಡಿನ ಬೆಟ್ಟ, ಬೇವಿನ ಮರ ಎಲ್ಲ ಚೆನ್ನಾಗಿ ಬಂತು. ಅಲ್ಲಿಂದ ಮುಂದೆ ಓಬಳೇಶನ ದನಿ ಸಣ್ಣದಾಗತೊಡಗಿತು. "ಜೇಡರ ಬಲೆ ಕಟ್ಟಿದ ಮೂಲೆಗಳು. ಕೊಳೆತ ಅರಳೆಯ ನಾತಕ್ಕೆ ಉಸಿರು ಕಟ್ಟಿತು. ನನ್ನ ತಾಯಿ ದೀಪವಿಡುತ್ತಿದ್ದ ಗೂಡಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನಾನು ಹುಟ್ಟಿದ ಮನೆ ಸತ್ತುಹೋಗಿತ್ತು. ಅಲ್ಲಿ ಒಂದು ತೊಟ್ಟು ನೀರನ್ನೂ ಕುಡಿಯದೆ ಹಿಂತಿರುಗಿದೆ."

ಓಬಳೇಶ ಪುಸ್ತಕ ಮುಚ್ಚಿದ. ಕುಬ್ರಾಬಿ ಕೋಳಿಯನ್ನೇ ಸಾಕಿದವಳಲ್ಲ. ಮಗಳು ಅತ್ತರೂ, ಕೋಳಿ ಹೇತದ್ದನ್ನು ಬಳಿಯುವುದು ಯಾರು ಎಂದು ಒಂದು ಮರಿಯನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ.

"ಎರಡು ರೊಟ್ಟಿ ತಿಂದಾರ," ಎಂದಳು. ಯಾರಿಗೆ ಹೇಳಿದಳೆಂದು ತಿಳಿಯಲಿಲ್ಲ.

ಬರೆಯುವವರು ಸ್ವಲ್ಪ ಹಾಗೆಲ್ಲ ಬರೆಯುತ್ತಾರೆ, ಓದುವವರಿಗೆ ಮನ ಕರಗಲಿ ಅಂತ, ಎಂದು ಓಬಳೇಶ ಸಮಾಧಾನ ಹೇಳಿದ. ಆ ಸಮಾಧಾನ ಅವಳಿಗೆ ಇನ್ನಷ್ಟು ಅಸಹ್ಯವಾಯಿತು. ಆ ರಾತ್ರಿಯ ಊಟ ಅವಳಿಗೆ ಸೇರಲಿಲ್ಲ. ಮರುದಿನ ರಾಯರು ಉಂಡ ತಾಟನ್ನು ಹುಡುಕಿ ತೆಗೆದು ಕಲಾಯಿಯವನಿಗೆ ಹಳೆ ಪಾತ್ರೆಯ ತೂಕಕ್ಕೆ ಹಾಕಿಬಿಟ್ಟಳು. ಅದಾದಮೇಲೆ ಪ್ರತಿವರ್ಷ ಆ ಪಾಠ ಓದುವ ಹೊತ್ತಿಗೆ ಸಾಲೆಯ ಹುಡುಗರು ಗುಂಪಾಗಿ ಬಂದು ಬಾಗಿಲಲ್ಲಿ ಇಣುಕುತ್ತಿದ್ದರು, ಕೋಳಿ ಎಲ್ಲಿ ಎಂದು ಕೇಳುತ್ತಿದ್ದರು.

ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂಬ ಗದ್ದಲ ಎದ್ದದ್ದು ಅದೇ ಕಾಲದಲ್ಲಿ. ಐವತ್ತೆರಡರ ಕೊನೆಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ರಾಯರ ಒಂದು ಸ್ಮಾರಕ ಸಮಿತಿ ಬಂತು. ಅದರ ಮುಂದಾಳು ವಕೀಲ ರಂಗಣ್ಣ. ಕುಬ್ರಾಬಿ ಅವನ ಗುರುತು ಹಿಡಿದಳು. ಈ ಸಲ ಕರವಸ್ತ್ರವಿಲ್ಲದೆ ಒಳಗೆ ಬಂದು ಪಡಸಾಲೆಯ ಚಾಪೆಯ ಮೇಲೆ ಕೂತ. ಇಂಥ ಮಹನೀಯರು ಹುಟ್ಟಿದ ನೆಲ ಕನ್ನಡದ್ದೇ ಎಂದು ನಾಲ್ಕು ಜನಕ್ಕೆ ತೋರಿಸಬೇಕು, ಈ ಮನೆಯನ್ನು ಉಳಿಸಬೇಕು, ಬಿಟ್ಟುಕೊಡಿ ಎಂದ.

ತಾವು ಮೂವತ್ತನಾಲ್ಕು ವರ್ಷ ಅದರಲ್ಲಿ ಮಾತಾಡಿದ್ದು ಕನ್ನಡವೇ ಅಲ್ಲವೇ ಎಂದು ಕುಬ್ರಾಬಿ ಕೇಳಿದಳು. ಅಲ್ಲ ಅಂತ ಯಾರಂದರು ಎಂದು ರಂಗಣ್ಣ ನಕ್ಕ. ಊರ ಹಿರಿಯರೂ ಬಂದು ಕೂತರು, ಊರಿಗೆ ಹೆಸರು ಬರುವ ಕೆಲಸ ಎಂದರು. ಹೊನ್ನೂರಸಾಬನಿಗೆ ಆ ವೇಳೆಗೆ ಎದೆಯಲ್ಲಿ ಕಫ ಕಟ್ಟಿ, ಹತ್ತು ಸಲ ಬಿಲ್ಲು ಮೀಟಿದರೆ ಒಂದು ಸಲ ಕೂತು ಕೆಮ್ಮಬೇಕಾಗಿತ್ತು. ಮಾಳಿಗೆ ಹತ್ತಿ ಮಣ್ಣು ತುಳಿಯುವ ಶಕ್ತಿ ಇರಲಿಲ್ಲ. ಹತ್ತು ಜನರೊಂದಿಗೆ ಹಟ ಹಿಡಿಯುವ ಸ್ವಭಾವವೂ ಅವನದಲ್ಲ. ಒಪ್ಪಿಕೊಂಡ.

ಕಾಗದಪತ್ರಕ್ಕೆಂದು ಗಂಡ ಹೆಂಡತಿ ಬಳ್ಳಾರಿಗೆ ಹೋದ ದಿನ ರಂಗಣ್ಣನ ಮನೆಯ ಹೊರಗಿನ ಕಟ್ಟೆಯಲ್ಲಿ ಅವರನ್ನು ಕೂರಿಸಿದರು. ಅವನ ಹೆಂಡತಿ ಎರಡು ಗಾಜಿನ ಲೋಟದಲ್ಲಿ ಕಾಫಿ ತಂದಿಟ್ಟು, ಕುಡಿದ ಮೇಲೆ ತೊಳೆದು ಅಲ್ಲೇ ಗೂಡಿನಲ್ಲಿಡಿ ಎಂದಳು. ಲೋಟದ ತಳದಲ್ಲಿ ಹಿಂದೆ ಯಾರೋ ಕುಡಿದ ಕಾಫಿಯ ಕಲೆ ಕಾಣುತ್ತಿತ್ತು. ಕುಬ್ರಾಬಿ ತನ್ನ ಕಾಫಿಯನ್ನು ಮೋರಿಗೆ ಚೆಲ್ಲಿ, ಲೋಟವನ್ನು ಬೂದಿ ಹಚ್ಚಿ ತೊಳೆದು ಗೂಡಿನಲ್ಲಿಟ್ಟಳು. ವಕೀಲರ ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು.

ಹೊಸ ವರ್ಷದ ಮೊದಲ ತಿಂಗಳಲ್ಲೇ ಅವರು ಸಿರುಗುಪ್ಪಕ್ಕೆ, ಕುಬ್ರಾಬಿಯ ತಮ್ಮನ ಓಣಿಗೆ ಬಂದರು. ಎರಡು ಅಂಕಣದ ಮನೆ. ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಡಿಸೆಂಬರಿನಲ್ಲಿ ಸ್ಮಾರಕದ ಉದ್ಘಾಟನೆಯ ಕರಪತ್ರ ಸಿರುಗುಪ್ಪದ ಬಸ್‌ಸ್ಟಾಂಡಿನ ಗೋಡೆಗೂ ಬಂತು. ಹೊನ್ನೂರಸಾಬ ಅದನ್ನು ಯಾರಿಂದಲೋ ಓದಿಸಿಕೊಂಡು ಬಂದ. ಒಂದು ಸಲ ಮನೆ ನೋಡಿ ಬರೋಣ ಎಂದ. ಅವಳು ಬೇಡವೆಂದಳು. ಅವನು ಮೂರು ದಿನ ಅದನ್ನೇ ಅಂದ. ತೀರಿಕೊಂಡ ಎರಡು ಮಕ್ಕಳನ್ನು ಕೊನೆಯ ಸಲ ಮಲಗಿಸಿದ್ದ ಗೋಡೆಯ ಬದಿ ಒಮ್ಮೆ ಕೂತು ಬರಬೇಕು ಎಂದಾಗ ಅವಳು ಸೀರೆ ಉಟ್ಟುಕೊಂಡಳು.

ಕುರುಗೋಡಿನಲ್ಲಿ ಇಳಿದಾಗ ಭಾಷಣಗಳು ಮುಗಿದು ಊಟವೂ ಆಗಿತ್ತು. ಓಣಿಯ ತುಂಬ ಜನ. ಬೇವಿನ ಮರಕ್ಕೆ ಧ್ವನಿವರ್ಧಕ ಕಟ್ಟಿದ್ದರು. ಒಳಗೆ ಹೋಗುವವರು ಸಾಲಾಗಿ ನಿಂತು ಚಪ್ಪಲಿ ಬಿಟ್ಟು ಹೋಗಬೇಕಾಗಿತ್ತು. ಇಬ್ಬರೂ ಸಾಲಿನಲ್ಲಿ ನಿಂತರು. ಮುಂದೆ ಓಬಳೇಶ ಮಾಸ್ತರ ಎದೆಗೆ ಸಮಿತಿಯ ಬಿಲ್ಲೆ ಸಿಕ್ಕಿಸಿಕೊಂಡು ಜನರನ್ನು ಸರಿಪಡಿಸುತ್ತಿದ್ದ. ಕುಬ್ರಾಬಿಯನ್ನು ಕಂಡು ತಲೆ ಬಾಗಿಸಿ, ಏನೋ ನೆನಪಾದವನಂತೆ ಆಚೆ ಹೋದ.

ಪಡಸಾಲೆಗೆ ಸಿಮೆಂಟು ಹಾಕಿದ್ದರು. ಬಿಲ್ಲು ತೂಗುತ್ತಿದ್ದ ಕೊಂಡಿಯನ್ನು ಜಂತಿಯಿಂದ ಕಿತ್ತು ತೂತಿಗೆ ಸುಣ್ಣ ಮೆತ್ತಿದ್ದರು. ಹೊನ್ನೂರಸಾಬ ಕೂರಬೇಕೆಂದಿದ್ದ ಗೋಡೆಯ ಬದಿಯಲ್ಲಿ ಒಂದು ತೊಟ್ಟಿಲಿತ್ತು. ಬಣ್ಣದ ಗಿಣಿಗಳನ್ನು ಕಟ್ಟಿದ, ಯಾರೋ ಶ್ರೀಮಂತರ ಮನೆಯಿಂದ ತಂದ ತೊಟ್ಟಿಲು. ಖಾದಿ ಟೊಪ್ಪಿಗೆಯ ಒಬ್ಬ ಸ್ವಯಂಸೇವಕ ಬೆತ್ತದಿಂದ ಅದನ್ನು ತೋರಿಸಿ, ರಾಯರು ಆಡಿದ ತೊಟ್ಟಿಲು ಎಂದು ಹೇಳುತ್ತಿದ್ದ. ಮೂವತ್ತನಾಲ್ಕು ವರ್ಷ ಹಾಳುಬಿದ್ದು ಕಸದ ತಿಪ್ಪೆಯಾಗಿದ್ದ ಈ ಮನೆಯನ್ನು ಪಂಚಗವ್ಯದಿಂದ ಮೂರು ಸಲ ಶುದ್ಧಿ ಮಾಡಿಸಿ ಸಮಿತಿಯವರು ಉಳಿಸಿದ್ದಾರೆ ಎಂದು ಹೇಳಿ, ದೀಪದ ಗೂಡಿನ ಮುಂದೆ ನಿಂತು ಪಾಠದ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದ. ನೀರಿನ ತೊಟ್ಟಿನ ಮಾತು ಬಂದಾಗ ಜನ ಲೊಚಗುಟ್ಟಿದರು. ಕುಬ್ರಾಬಿಯ ಪಕ್ಕದಲ್ಲಿದ್ದ ಹೆಂಗಸೊಬ್ಬಳು, ಎಂಥಾ ಹೊಲಸು ಮಂದಿ ಇದ್ದರೋ ಏನೋ ಎಂದು ಅವಳಿಗೇ ಹೇಳಿದಳು.

ಕುಬ್ರಾಬಿಯ ಕಣ್ಣು ಮೂಲೆಯಲ್ಲಿತ್ತು. ಹೊಸ ಸುಣ್ಣದ ಮೇಲೆ ಯಾರೋ ಎಲೆಅಡಿಕೆ ಉಗುಳಿ, ಕೆಂಪು ನೆಲದವರೆಗೆ ಇಳಿದಿತ್ತು. ಒಳಗೆಲ್ಲ ಗಂಜಳದ ವಾಸನೆ, ಅದರ ಮೇಲೆ ಊದುಬತ್ತಿ, ಅದರ ಮೇಲೆ ಹಳಸಿದ ಸಾರಿನ ವಾಸನೆ. ಸಾರಿನದು ಹಿತ್ತಲಿಂದ ಬರುತ್ತಿತ್ತು. ಅವಳು ಸಾಲು ಬಿಟ್ಟು ಹಿತ್ತಲಿಗೆ ಹೋದಳು. ಉಂಡ ಎಲೆಗಳನ್ನು ಬಾವಿಯ ಕಟ್ಟೆಗೆ ಒತ್ತಿ ರಾಶಿ ಹಾಕಿದ್ದರು. ನಾಯಿಗಳು ಎಳೆದಾಡುತ್ತಿದ್ದವು. ಬಾವಿಯೊಳಗೆ ಬಗ್ಗಿ ನೋಡಿದರೆ ನೀರಿನ ಮೇಲೆ ಎಣ್ಣೆಯ ಪದರ, ಅದರಲ್ಲಿ ಅನ್ನದ ಅಗುಳು, ಒಂದು ಎಲೆ. ಹಂಡೆಗಳನ್ನು ಅಲ್ಲೇ ತೊಳೆದು ನೀರು ಬಾವಿಗೆ ಹೋಗುವಂತೆ ಬಿಟ್ಟಿದ್ದರು. ಅವಳು ಮಗಳ ಬಾಣಂತನಕ್ಕೆ ನೀರು ಸೇದಿದ ಬಾವಿ. ಗೋಡೆ ಹಿಡಿದು, ಬೆಳಗಿನಿಂದ ತಿಂದದ್ದನ್ನೆಲ್ಲ ಕಾರಿಕೊಂಡಳು. ಆಮೇಲೆ ತಾನು ಕಾರಿದ್ದನ್ನು ಒಣ ಮಣ್ಣು ತಂದು ಮುಚ್ಚಿದಳು.

ಬಾಯಿ ತೊಳೆಯಲು ನೀರು ಕೇಳಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದಾಗ ಅಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಅವಳ ಒಲೆ. ಹುತ್ತದ ಮಣ್ಣಿಗೆ ಜೋಳದ ಹೊಟ್ಟು ಕಲಸಿ, ಬಲಗಡೆ ಹಾಲಿನ ಗಡಿಗೆಗೆಂದು ಒಂದು ಪುಟ್ಟ ಗುಂಡಿ ಬಿಟ್ಟು ಅವಳೇ ಹಾಕಿದ ಒಲೆ. ಮಗಳು ಹೆಬ್ಬೆರಳು ಒತ್ತಿದ ಗುರುತು ಕೂಡ ಬದಿಯಲ್ಲಿ ಹಾಗೆಯೇ ಇತ್ತು. ಅದಕ್ಕೆ ಕೆಮ್ಮಣ್ಣು ಬಳಿದು, ಚೆಂಡುಹೂವಿನ ಹಾರ ಹಾಕಿ, ರಾಯರ ತಾಯಿಯವರ ಒಲೆ ಎಂದು ಹಲಗೆ ಇಟ್ಟಿದ್ದರು. ಮುದುಕಿಯೊಬ್ಬಳು ಅದಕ್ಕೆ ಕೈಮುಗಿಯುತ್ತಿದ್ದಳು.

ರಂಗಣ್ಣ ಅಲ್ಲೇ ಇದ್ದ. ಅವಳನ್ನು ಕಂಡು, ಬರ್ರಿ ಅಮ್ಮಾ ಎಂದು ಕರೆದು, ಯಾರಿಗೋ ನೀರು ಕೊಡಲು ಹೇಳಿದ. ನೀರಿನವನು ಚೆಂಬನ್ನು ಮೇಲೆ ಎತ್ತಿ ಹಿಡಿದು ಅವಳ ಬೊಗಸೆಗಾಗಿ ಕಾದ. ಕುಬ್ರಾಬಿ ಕೈ ಒಡ್ಡಲಿಲ್ಲ.

"ಈ ಒಲಿ ನಾ ಹಾಕಿದ್ದು ವಕೀಲ್ರ," ಎಂದಳು. ದನಿ ಏರಿಸಲಿಲ್ಲ, ಆದರೆ ಅಡಿಗೆಮನೆಯ ಬಾಗಿಲಲ್ಲಿದ್ದವರಿಗೆಲ್ಲ ಕೇಳಿತು. "ನಿಮ್ಮ ರಾಯರು ಇದರ ಮುಂದ ಕುಂತು ಎರಡು ರೊಟ್ಟಿ ಉಂಡಾರ. ನೀವು ಹೊರಗ ಬೇವಿನ ಗಿಡದ ತೆಳಗ ನಿಂತಿದ್ರಿ."

ಕೈಮುಗಿದಿದ್ದ ಮುದುಕಿ ಕೈ ಇಳಿಸಿದಳು. ಓಬಳೇಶ ಬಾಗಿಲಾಚೆ ನಿಂತಿದ್ದ. ಕುಬ್ರಾಬಿ ಅವನ ಕಡೆ ನೋಡಿದಳು. ಅವನು ತನ್ನ ಬಿಲ್ಲೆಯ ಪಿನ್ನು ಸರಿಮಾಡತೊಡಗಿದ.

ರಂಗಣ್ಣ ಅವಳನ್ನು ಬಚ್ಚಲ ಬದಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದ. ರಾಯರು ಮೊದಲು ರೊಟ್ಟಿಯ ವಿಷಯ ಬರೆದಿದ್ದರು. ಮನೆ ಚೊಕ್ಕವಾಗಿದ್ದುದನ್ನೂ ಬರೆದಿದ್ದರು. ಅಚ್ಚಿಗೆ ಕಳಿಸುವ ಮುಂಚೆ ಗೆಳೆಯರಿಗೆ ಓದಿದರು. ಆಗ ಅವರ ಮಗಳಿಗೆ ಗಂಡು ನೋಡುತ್ತಿದ್ದರು. ಪಿಂಜಾರರ ಮನೆಯಲ್ಲಿ ಉಂಡದ್ದು ಅಚ್ಚಾದರೆ ಸಂಬಂಧ ಕೂಡುವುದಿಲ್ಲ, ತೆಗೆಯಿರಿ ಎಂದು ನಾವೇ ಹೇಳಿದೆವು. ಉಂಡಿಲ್ಲವೆಂದಮೇಲೆ ಯಾಕೆ ಉಣ್ಣಲಿಲ್ಲ ಎಂಬುದಕ್ಕೊಂದು ಕಾರಣ ಬೇಕಾಯಿತು. ಅದಕ್ಕೆ ಉಳಿದದ್ದು ಬಂತು. ರಾಯರು ಕೆಟ್ಟವರಲ್ಲ.

"ನಂಗ ಎಲ್ಲಾ ಗೊತ್ತೈತಿ ಅಮ್ಮಾ. ಈಗ ಇಷ್ಟು ಮಂದಿ ಮುಂದ ಬ್ಯಾಡ," ಎಂದ.

ಕುಬ್ರಾಬಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ತುಟಿಯಂಚಿಗೆ ಹೋಳಿಗೆಯ ತುಪ್ಪ ಹತ್ತಿತ್ತು. ಸತ್ತವರ ಮೇಲೆ ಇಷ್ಟು ವರ್ಷ ಇದ್ದ ಸಿಟ್ಟೆಲ್ಲ ಆ ಕ್ಷಣಕ್ಕೆ ತೆಳುವಾಗಿ, ಅದರ ಜಾಗದಲ್ಲಿ ಬರೀ ಓಕರಿಕೆ ಉಳಿಯಿತು.

"ಹಸಿವಿಗೆ ಉಂಡ್ರು, ಅಂಜಿಕಿಗೆ ಬರದ್ರು. ಅದಕ್ಕ ನಾ ಯಾಕ ಹೊಲಸಾಗಬೇಕ್ರಿ?"

ಅವಳು ಅಲ್ಲಿಂದ ತಿರುಗಿ ನಡೆದಳು. ಹೊನ್ನೂರಸಾಬ ಪಡಸಾಲೆಯಲ್ಲಿ ತೊಟ್ಟಿಲಿನ ಪಕ್ಕ, ಸ್ವಯಂಸೇವಕ ಎಷ್ಟು ಸಲ ಸರಿ ಎಂದರೂ ಸರಿಯದೆ, ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಅವನ ತೋಳು ಹಿಡಿದು ಹೊರಗೆ ಕರೆತಂದಳು. ಚಪ್ಪಲಿಗಳ ರಾಶಿಯಲ್ಲಿ ತಮ್ಮವನ್ನು ಹುಡುಕುವಾಗ ಆ ಮುದುಕಿ ಹತ್ತಿರ ಬಂದು, ನೀನು ಹೇಳಿದ್ದು ಖರೆಯೇನು ಎಂದು ಕೇಳಿದಳು. ಖರೆ ಎಂದಳು ಕುಬ್ರಾಬಿ. ಮುದುಕಿ, ಹಾಗಾದರೆ ತಾನು ಕೈಮುಗಿದದ್ದು ಯಾರಿಗೆ ಎಂದು ಗೊಣಗುತ್ತ ಹೋದಳು.

ಬಸ್ಸಿನಲ್ಲಿ ಹೊನ್ನೂರಸಾಬ, ಹೋಗಬಾರದಾಗಿತ್ತು ಎಂದು ಒಂದೇ ಮಾತು ಅಂದ. ಸಿರುಗುಪ್ಪ ಮುಟ್ಟಿದ ಮೇಲೆ ಕುಬ್ರಾಬಿ ಹಿತ್ತಲಲ್ಲೇ ನಿಂತು ತಲೆಯ ಮೇಲೆ ನೀರು ಸುರಿದುಕೊಂಡಳು. ಉಟ್ಟ ಸೀರೆ, ಗಂಡನ ಅಂಗಿ, ಕೈಚೀಲ, ಚಪ್ಪಲಿ ಎಲ್ಲವನ್ನೂ ಸೀಗೆಯಲ್ಲಿ ತಿಕ್ಕಿದಳು. ಗಂಜಳದ ವಾಸನೆ ಇನ್ನೂ ಮೂಗಿನಲ್ಲಿದೆ ಎಂದು ಎರಡನೆಯ ಸಲ ಮಿಂದಳು. ಕುರುಗೋಡಿಗೆ ಮತ್ತೆ ಅವಳು ಹೋಗಲಿಲ್ಲ.

ಎರಡು ದಿನ ಬಿಟ್ಟು ಹಚ್ಚೊಳ್ಳಿಯ ಕಡೆಯಿಂದ ಮದುವೆಗೆಂದು ಆರು ಗಾದಿಯ ಹತ್ತಿ ಬಂತು. ಹೊನ್ನೂರಸಾಬ ಬಿಲ್ಲು ಎತ್ತಿಕೊಂಡು ನಾಲ್ಕು ಏಟು ಹಾಕುವುದರೊಳಗೆ ಕೆಮ್ಮು ಹಿಡಿದು ಕೂತುಬಿಟ್ಟ. ವಾಪಸು ಕಳಿಸೋಣ ಎಂದ. ಕುಬ್ರಾಬಿ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಿಲ್ಲನ್ನು ಅವನ ಕೈಯಿಂದ ತೆಗೆದುಕೊಂಡಳು. ಮೊದಲ ದಿನ ಬಿಲ್ಲಿನ ನರದ ಹುರಿ ಎರಡು ಸಲ ಕಿತ್ತು ಬಂತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಹೆಂಗಸು ಹತ್ತಿ ಹಿಂಜುವುದನ್ನು ನೋಡಲು ಓಣಿಯವರು ನಾಲ್ಕು ದಿನ ಬಾಗಿಲಲ್ಲಿ ನಿಂತರು. ಐದನೆಯ ದಿನ ತಮ್ಮ ತಮ್ಮ ಮನೆಯ ಹಳೆಯ ಗಾದಿಗಳನ್ನು ಹೊತ್ತು ತಂದರು. ಅವುಗಳ ಕೊಳೆ ನೋಡಿ ಅವಳು ಮುಖ ಕಿವುಚಿ, ಮೊದಲು ಎರಡು ದಿನ ಬಿಸಿಲಿಗೆ ಹಾಕಿ ಆಮೇಲೆ ತನ್ನಿರೆಂದು ಎಲ್ಲರನ್ನೂ ವಾಪಸು ಕಳಿಸಿದಳು.